ಬೊಂಬೂನ ನೀಲಿ ಬಾಗಿಲು

ನಮ್ಮ ಮನೆಯಲ್ಲಿರುವುದು ನಾಲ್ಕು ಜನ. ಅದರಲ್ಲಿ ಮೂವರಿಗೆ ಒಂದು ಗುಟ್ಟು ಗೊತ್ತು. ಗೊತ್ತಿಲ್ಲದ ನಾಲ್ಕನೆಯವನು ನಾನು, ಧನಪಾಲ, ಮನೆಯ ಯಜಮಾನ. (ರೇಷನ್ ಕಾರ್ಡಿನಲ್ಲಿ ಆ ಪಟ್ಟವೂ ಹೆಂಡತಿಗೇ ಹೋಗಿದೆ, ಆ ಮಾತು ಬೇರೆ.) ಊಟಕ್ಕೆ ಕುಳಿತಾಗ ಮಗಳು ತನ್ನಷ್ಟಕ್ಕೆ ನಗುತ್ತಾಳೆ, ಹೆಂಡತಿ ಹುಬ್ಬು ಹಾರಿಸುತ್ತಾಳೆ, ನಮ್ಮವ್ವ ಬಾಯಿಗೆ ಸೆರಗು ಹಿಡಿದುಕೊಂಡು ಕುಲುಕುತ್ತಾಳೆ. ನಾನು ಚಪಾತಿ ಹರಿಯುತ್ತ ಒಬ್ಬೊಬ್ಬರ ಮುಖವನ್ನೂ ಸರದಿಯ ಮೇಲೆ ನೋಡುತ್ತೇನೆ. ಇಂಥ ಅನ್ಯಾಯ ಶೇಡಬಾಳದಲ್ಲಿ ಇನ್ನಾವ ಗಂಡಸಿಗೂ ಆಗಿರಲಿಕ್ಕಿಲ್ಲ.

ಇದಕ್ಕೆಲ್ಲ ಮೂಲ ಬೊಂಬೂ. ಬೊಂಬೂ ಅಂದರೆ ಟಿವಿಯಲ್ಲಿ ಬರುವ ಕಾರ್ಟೂನು ಕರಡಿಮರಿ. ಮೂರನೆಯ ಇಯತ್ತೆ ಓದುವ ನನ್ನ ಮಗಳು ಬ್ರಾಹ್ಮಿಗೆ ಅದರ ಹುಚ್ಚು. ಅವಳ ಪಾಟಿಚೀಲದ ಮೇಲೆ ಬೊಂಬೂ, ನೀರಿನ ಬಾಟಲಿಯ ಮೇಲೆ ಬೊಂಬೂ, ನಾನು ಮೈ ಒರೆಸಿಕೊಳ್ಳುವ ಟವೆಲ್ಲಿನ ಮೇಲೂ ಬೊಂಬೂ. ಪುಣೆಯ ಆಚೆ ಈ ಕರಡಿಯ ಹೆಸರಿನಲ್ಲಿ ಆಟಪಾಟಗಳ ದೊಡ್ಡ ಉದ್ಯಾನವೇ ಇದೆ, ಬೊಂಬೂ ನಗರಿ ಅಂತ. ದಸರಾ ರಜೆಗೆ ಎಲ್ಲರೂ ಅಲ್ಲಿಗೆ ಹೋಗಬೇಕೆಂದು ಮಳೆಗಾಲದಲ್ಲೇ ನಮ್ಮ ಮನೆಯಲ್ಲಿ ಠರಾವು ಪಾಸಾಯಿತು. ನನ್ನ ಮತವನ್ನು ಯಾರೂ ಕೇಳಲಿಲ್ಲ.

ನನಗೋ ಪ್ರವಾಸವೆಂದರೆ ಆಗದು. ಮೋಟಾರು ಪಂಪಿನ ಸಾಮಾನಿನ ಅಂಗಡಿ, ಮನೆಯ ತೂಗುಮಂಚ, ಇವೆರಡರ ನಡುವೆ ಓಡಾಡಿಕೊಂಡು ಸುಖವಾಗಿರುವ ಪ್ರಾಣಿ ನಾನು. ಅದರಲ್ಲೂ ನಮ್ಮ ಮನೆಯ ಪ್ರವಾಸವೆಂದರೆ ಸಾಕ್ಷಾತ್ ದಂಡಯಾತ್ರೆ. ಅವ್ವ ಹೊರಗಿನದು ಮುಟ್ಟುವುದಿಲ್ಲ. ಉಳ್ಳಾಗಡ್ಡಿ, ಬಟಾಟಿ ವರ್ಜ್ಯ. ನೀರು ಸೋಸಿಯೇ ಕುಡಿಯಬೇಕು, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಹೀಗಾಗಿ ಬುತ್ತಿಯ ಡಬ್ಬಿಗಳನ್ನೂ ಸೋಸುವ ಅರಿವೆಯನ್ನೂ ಹೊತ್ತುಕೊಂಡು ಸೂರ್ಯನ ಜೊತೆ ಪೈಪೋಟಿಗೆ ಬಿದ್ದು ಓಡಬೇಕು. ಹೊರುವವನು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆಗ ನನ್ನ ತಲೆಯಲ್ಲೊಂದು ದಿವ್ಯ ವಿಚಾರ ಹೊಳೆಯಿತು. ಊರಲ್ಲಿ ಮುನಿ ಮಹಾರಾಜರ ಚಾತುರ್ಮಾಸ ನಡೆದಿತ್ತು. ಮಳೆಗಾಲದಿಂದ ದೀಪಾವಳಿಯವರೆಗೆ ಮುನಿಗಳು ಒಂದೇ ಊರಲ್ಲಿ ನಿಲ್ಲುತ್ತಾರೆ. ಆಗ ನಮ್ಮ ಜೈನ ಮಂದಿ ಅವರ ಮುಂದೆ ಕೈಮುಗಿದು ಒಂದೊಂದು ನಿಯಮ ತೆಗೆದುಕೊಳ್ಳುತ್ತಾರೆ. ಒಬ್ಬರು ಸಿಹಿ ಬಿಡುತ್ತಾರೆ, ಇನ್ನೊಬ್ಬರು ಚಹಾ ಬಿಡುತ್ತಾರೆ. ಇಷ್ಟು ಕಾಲ ಇಂಥ ಗಡಿಯಾಚೆ ಕಾಲಿಡುವುದಿಲ್ಲ ಎಂಬ ನಿಯಮವೂ ಒಂದುಂಟು. ಪ್ರವಚನದಲ್ಲಿ ಅದರ ಮಾತು ಬಂದದ್ದೇ ತಡ, ನಾನು ಎದ್ದು ನಿಂತು ಕೈಮುಗಿದೆ.

"ಮಹಾರಾಜರ, ದೀಪಾವಳಿ ಮುಗಿಯೂತನಾ ನಾ ಮಹಾರಾಷ್ಟ್ರದ ಗಡಿ ದಾಟೂದಿಲ್ರಿ!"

ಸಭೆಯಲ್ಲಿ ಜಯಕಾರ ಎದ್ದಿತು. ಏಳದೆ ಏನು? ಗಡಿಯಂಚಿನ ಶೇಡಬಾಳದವರಿಗೆ ಇದು ಸಣ್ಣ ತ್ಯಾಗವಲ್ಲ, ನಮ್ಮ ಪೇಟೆಗಳೆಲ್ಲ ಗಡಿಯಾಚೆಯೇ. ನಮಗೆ ದವಾಖಾನೆ ಮಿರಜೆ, ಅರಿವೆ-ಅಂಚಡಿ ಸಾಂಗಲಿ, ಬೀಗರು ಜಯಸಿಂಗಪುರ. ನಾನಂತೂ ತಲೆಗೂದಲು ತೆಗೆಸುವುದೂ ಮಿರಜೆಯ ಒಂದೇ ಅಂಗಡಿಯಲ್ಲಿ, ಬೇರೆಯವರ ಕತ್ತರಿಗೆ ತಲೆ ಕೊಟ್ಟವನಲ್ಲ. ನಮ್ಮವ್ವ ಚಂದ್ರಮತಿ ಸಂತೋಷ ತಡೆಯಲಾಗದೆ ಓಣಿಗೆಲ್ಲ ಪೇಢೆ ಹಂಚಿಬಂದಳು.

ಮನೆಗೆ ಬಂದು ಮುಖ ಸಪ್ಪಗೆ ಮಾಡಿಕೊಂಡು ಸುದ್ದಿ ಹೇಳಿದೆ. "ಬ್ರಾಹ್ಮೀ, ನಂಗ ಬರಾಕ ಆಗೂದಿಲ್ಲವಾ. ನೀವ ಹೋಗಿ ಬರ್ರಿ."

"ಒಂದ ಸಲ ಮುರದರ ಏನ ಆಕ್ಕೈತಿ ಅಪ್ಪಾ?"

ನಾನು ಕಣ್ಣು ಅರೆಮುಚ್ಚಿ, ತೋರುಬೆರಳು ಮೇಲೆತ್ತಿ ಉಪದೇಶಿಸಿದೆ. "ನಿಯಮಾ ಅಂದ್ರ ಹುಡುಗಾಟಿಕಿ ಅಲ್ಲವಾ. ಒಮ್ಮೆ ಬಾಯಿಂದ ಹೋತು ಅಂದ್ರ ಹೋತು. ಏನ ಆದ್ರೂ ಮುರೀಬಾರದು."

ಹೆಂಡತಿ ತ್ರಿಶಲಾ ಹಿಟ್ಟು ನಾದುವುದನ್ನು ನಿಲ್ಲಿಸಿ ನನ್ನನ್ನೇ ದಿಟ್ಟಿಸಿದಳು. "ಚಾ ಬಿಡಬೌದಿತ್ತಲ್ರಿ? ಅಡಕಿ ಬಿಡಬೌದಿತ್ತು. ಸೀದಾ ಮಹಾರಾಷ್ಟ್ರಾನ ಬಿಟ್ಟಬಿಟ್ರಿ?"

"ಒಳಗಿಂದ ಪ್ರೇರಣಾ ಆತು," ಅಂದೆ.

"ಆಗಲಿ, ಆಗಲಿ," ಎಂದು ಮತ್ತೆ ಹಿಟ್ಟು ನಾದತೊಡಗಿದಳು. ಅಂದು ಚಪಾತಿ ಬಹಳ ಮೆತ್ತಗಾಗಿದ್ದವು.

ಇಷ್ಟಕ್ಕೆ ಸುಮ್ಮನಿದ್ದರೆ ನಾನು ಗೆದ್ದಂತೆಯೇ. ಆದರೆ ತೂಗುಮಂಚದ ಮೇಲೆ ಕಾಲು ಚಾಚಿದಾಗ ಉದಾರತನ ತಲೆಗೇರಿ, "ನಾ ಬರದಿದ್ರ ಏನಾತು? ಪ್ಲಾನ್ ಎಲ್ಲಾ ನಾನ ಮಾಡತೀನಿ" ಅಂದುಬಿಟ್ಟೆ. ಬೊಂಬೂ ಯಾರೆಂದು ಗೊತ್ತಿಲ್ಲದವನು ಎಂಥ ಪ್ಲಾನು ಮಾಡುತ್ತಾನೆ ಎಂದು ಬ್ರಾಹ್ಮಿ ನನ್ನನ್ನು ಟಿವಿಯ ಮುಂದೆ ಕೂಡಿಸಿದಳು.

ಆ ಕರಡಿ ತನ್ನ ಅಜ್ಜಿಯ ಮನೆಯಲ್ಲಿರುತ್ತದೆ. ಮೆಟ್ಟಿಲ ಕೆಳಗೊಂದು ನೀಲಿ ಬಾಗಿಲು. ಪ್ರತಿ ಕಥೆಯ ಕೊನೆಗೆ ಬೊಂಬೂ ಆ ಬಾಗಿಲು ತೆರೆದು ಒಳಗೆ ಹೋಗಿ ಮುಚ್ಚಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಹೊರಗೆ ಬರುತ್ತದೆ. ಒಂದು ದಿನ ಮೂಗಿಗೆ ಹಿಟ್ಟು ಮೆತ್ತಿರುತ್ತದೆ, ಒಂದು ದಿನ ಮೈಯೆಲ್ಲ ತೊಯ್ದಿರುತ್ತದೆ, ಮತ್ತೊಂದು ದಿನ ಕಣ್ಣೊರೆಸಿಕೊಳ್ಳುತ್ತ ನಗುತ್ತಿರುತ್ತದೆ. ಒಳಗೇನಿದೆ ಎಂದು ಮಾತ್ರ ತೋರಿಸುವುದಿಲ್ಲ.

"ಒಳಗ ಏನೈತಿ?" ಅಂದೆ.

"ಯಾರಿಗೂ ಗೊತ್ತಿಲ್ಲಪ್ಪಾ."

"ಯಾರಿಗೂ ಗೊತ್ತಿಲ್ಲಂದ್ರ ಹೆಂಗ? ಮನಿ ಅಜ್ಜೀದಲ್ಲಾ? ಅಕೀನ್ನರೆ ಕೇಳಬೇಕಿಲ್ಲೋ?"

ಮರುದಿನವೂ ನೋಡಿದೆ. ಅದರ ಮರುದಿನ ಅಂಗಡಿಯನ್ನು ಬೇಗ ಮುಚ್ಚಿ ಬಂದು ನೋಡಿದೆ. ಮನೆಯಲ್ಲಿ ಎಲ್ಲರದೂ ಒಂದೊಂದು ಸಿದ್ಧಾಂತ. ಒಳಗೊಂದು ಸಣ್ಣ ಬಸದಿ ಇದೆ, ಅಭಿಷೇಕದ ನೀರಿನಲ್ಲಿ ಕರಡಿ ತೊಯ್ದಿದೆ ಎಂದು ಅವ್ವ. "ಒಳಗ ಅದರ ತವರಮನಿ ಐತ್ರಿ. ಇಲ್ಲಾಂದ್ರ ಬರುವಾಗ ಮಾರಿ ಹಂಗ ಅರಳತಿತ್ತೇನು?" ಎಂದು ತ್ರಿಶಲಾ. ಪುಣೆಗೆ ಗಾಡಿ ಹೊಡೆಯಲು ಒಪ್ಪಿದ್ದ ನಮ್ಮ ಓಣಿಯ ದಸ್ತಗೀರ ಒಳಗೆ ಬೇಕರಿ ಇದೆಯೆಂದು ಗಡ್ಡ ನೀವಿಕೊಂಡ. ನನಗೆ ಯಾವುದೂ ಸರಿಯೆನಿಸಲಿಲ್ಲ. ಅಂಗಡಿಯಲ್ಲಿ ಜಕ್ಕಪ್ಪ ಎಂಬ ಗಿರಾಕಿ ಫುಟ್‌ವಾಲ್ವ್ ಕೇಳಿದರೆ ನಾನು, "ನಿನಗೇನ ಅನಸತೈತಿ, ಒಳಗ ಏನಿರಬೌದು?" ಅಂದೆ. ಅವನು ಫುಟ್‌ವಾಲ್ವ್ ತಿರುಗಿಸಿ ತಿರುಗಿಸಿ ನೋಡಿ, "ಕಸಾ ತಡಿಯೂ ಜಾಳಗಿ ಇರಬೇಕ್ರಿ" ಅಂದ.

ಅಷ್ಟರಲ್ಲಿ ಟಿವಿಯಲ್ಲಿ ಜಾಹೀರಾತು ಬಂತು. ಬೊಂಬೂ ನಗರಿಯಲ್ಲಿ ನೀಲಿ ಬಾಗಿಲು ಈ ದಸರಾ ರಜೆಗೆ ಮಾತ್ರ ತೆರೆಯುತ್ತದಂತೆ! ಒಳಗೆ ಹೋಗುವವರು ಫೋನು ಹೊರಗಿಡಬೇಕು. ಬಂದ ಮೇಲೆ ಒಳಗಿನ ವಿಷಯ ಯಾರಿಗೂ ಹೇಳುವುದಿಲ್ಲವೆಂದು ಬೊಂಬೂನ ಪಂಜದ ಮೇಲೆ ಕೈಯಿಟ್ಟು ಮಾತು ಕೊಡಬೇಕು.

ನನಗೆ ಅನ್ನ ಸೇರದಾಯಿತು. ದೇವರಾಣೆಗೂ ನನಗೆ ಹೋಗಬೇಕೆನಿಸಿತ್ತು. ಡಬ್ಬಿಗಳನ್ನೆಲ್ಲ ನಾನೊಬ್ಬನೇ ಹೊರುತ್ತೇನೆ, ಸೋಸುವ ಅರಿವೆಯನ್ನು ತಲೆಗೆ ರುಮಾಲಿನಂತೆ ಸುತ್ತಿಕೊಂಡು ಹೋಗುತ್ತೇನೆ ಎಂಬಲ್ಲಿಗೆ ಬಂದಿದ್ದೆ. ಮಹಾರಾಜರ ಹತ್ತಿರ ಓಡಿದೆ.

"ಮಹಾರಾಜರ, ಗಾಡ್ಯಾಗ ನಿದ್ದಿ ಹತ್ತಿ, ಗೊತ್ತಿಲ್ಲದಂಗ ಗಡಿ ದಾಟಿದ್ರ ನಿಯಮಾ ಮುರದಂಗ ಆಕ್ಕೈತೇನ್ರಿ?"

ಮಹಾರಾಜರು ನಕ್ಕರು. "ಗಡಿ ಹಾಕಿದವರು ಯಾರು?"

"ನಾನರಿ."

"ಹಾಗಾದರೆ ನಿದ್ದೆ ಬಂದದ್ದು ನಿಜವೋ ಸುಳ್ಳೋ ಎಂಬುದೂ ನಿನಗೇ ಗೊತ್ತಿರುತ್ತದೆ."

ಅವ್ವ ಇನ್ನೂ ಬಿಗಿ. "ನಾಕ ಮಂದಿ ಮುಂದ ಕೈಮುಗದ ತಗೊಂಡೀಯಪಾ. ಓಣಿಗೆಲ್ಲಾ ಪೇಢೆ ಹಂಚೀನಿ. ಈಗ ಪೇಢೆ ತಿರುಗಿ ಇಸ್ಕೊಂಡ ಬರ್ಲೇನು?" ಎಂದಳು.

ಹೊರಡುವ ದಿನ ಕಾಗವಾಡದ ಆಚೆ ಗಡಿಯ ತನಕ ಅವರ ಜೊತೆ ಹೋದೆ. ಮಹಾರಾಷ್ಟ್ರದ ಫಲಕ ಕಂಡದ್ದೇ ದಸ್ತಗೀರ ಬಲು ಮರ್ಯಾದೆಯಿಂದ ಗಾಡಿ ನಿಲ್ಲಿಸಿ ಬಾಗಿಲು ತೆರೆದ. ಇಳಿದು, ಕಬ್ಬಿನ ಹಾಲಿನ ಅಂಗಡಿಯ ಮುಂದೆ ನಿಂತು ಕೈಬೀಸಿದೆ. ಫಲಕ ನನ್ನಿಂದ ಒಂದು ಮಾರು ದೂರದಲ್ಲಿತ್ತು. ಗಾಡಿಯ ಹಿಂದಿನ ಕಿಟಕಿಯಿಂದ ಬ್ರಾಹ್ಮಿ, "ಅಪ್ಪಾ, ನಿನ್ನ ನಿಯಮಾ ಭಾಳ ಚಲೋ ಐತಿ!" ಎಂದು ಕೂಗಿದಳು. ಊರ ಕಡೆ ಹೊರಟಿದ್ದ ಡೇರಿಯ ಹಾಲಿನ ಗಾಡಿ ಹತ್ತಿ ಮನೆಗೆ ಬಂದೆ. ತೂಗುಮಂಚ ಮೊದಲ ಸಲ ನನ್ನ ಬೆನ್ನಿಗೆ ಚುಚ್ಚಿತು.

ಅವರು ತಿರುಗಿ ಬಂದರು. ಎಲ್ಲರ ಎದೆಯ ಮೇಲೂ ನೀಲಿ ಬಾಗಿಲಿನ ಬಿಲ್ಲೆ. ಅವ್ವನ ಮೂಗಿನ ಮೇಲೆ ಬೆಳ್ಳಗೆ ಏನೋ ಅಂಟಿಕೊಂಡಿತ್ತು.

"ಅವ್ವಾ, ಒಳಗ ಏನಿತ್ತ?"

"ಹೇಳಂಗಿಲ್ಲಪಾ. ಮಾತ ಕೊಟ್ಟೀನಿ."

"ಕರಡಿಗೆ ಕೊಟ್ಟ ಮಾತ ಅದು!"

"ಕರಡಿ ಆದ್ರೇನು? ಅದೂ ಒಂದ ಜೀವ ಅಲ್ಲೇನು?"

"ಅವ್ವಾ, ಅದ ಖರೇ ಕರಡಿ ಅಲ್ಲ! ವೇಷದ ಒಳಗ ಮನಶ್ಯಾ ಇರತಾನ!"

"ಹಂಗಾರ ಇನ್ನೂ ಮುರೀಬಾರದು," ಎಂದು ಅವ್ವ ಸಾಮಾಯಿಕದ ಧ್ಯಾನಕ್ಕೆ ಕುಳಿತು ಕಣ್ಣು ಮುಚ್ಚಿದಳು.

ತ್ರಿಶಲಾಳಿಗೆ ಹೊಸ ಸೀರೆಯ ಆಸೆ ತೋರಿಸಿದೆ. "ಸೀರಿ ಸಾಂಗಲ್ಯಾಗ ಸಿಗತಾವ್ರಿ. ನಿಮಗ ಗಡಿ ಐತಲ್ಲಾ," ಅಂದಳು. ಕೊನೆಗೆ ಓಣಿಯ ತಿರುವಿನಲ್ಲಿ ದಸ್ತಗೀರನನ್ನು ಹಿಡಿದೆ. "ನೀನೂ ಒಳಗ ಹೋಗಿದ್ದೇನೋ?"

"ಹೋಗೀನ್ರಿ ಅಣ್ಣಾರ. ಅತ್ತೂ ಬಿಟ್ಟೀನಿ."

"ನೀ ಅತ್ತಿ? ಯಾಕ?"

"ಜಬಾನ್ ಕೊಟ್ಟೀನ್ರಿ," ಎಂದು ಗಾಡಿ ಶುರು ಮಾಡಿದ. ಅವನು ಹೇಳಿದ್ದ ಬೇಕರಿ ಒಳಗಿತ್ತೋ ಇಲ್ಲವೋ ಅಷ್ಟಾದರೂ ಹೇಳು ಎಂದು ಗಾಡಿಯ ಹಿಂದೆ ಸ್ವಲ್ಪ ದೂರ ಓಡಿದೆ.

ದೀಪಾವಳಿ ಮುಗಿಯಿತು. ನಿಯಮ ತೀರಿತು. ಈಗ ನಾನು ಸ್ವತಂತ್ರ, ಪುಣೆಯೇನು, ಕಾಶಿಗೂ ಹೋಗಬಹುದು. ಆದರೆ ನೀಲಿ ಬಾಗಿಲು ಮುಚ್ಚಿತ್ತು. ಹೋದದ್ದು ಮಿರಜೆಗೆ, ಕಿವಿ ಮುಚ್ಚಿದ್ದ ಕೂದಲು ತೆಗೆಸಲು. ಬರುವಾಗ ಬ್ರಾಹ್ಮಿಗೆ ಪ್ರೀತಿಯ ಬಾಕರವಡಿ ತಂದು, ತೂಗುಮಂಚದ ಮೇಲೆ ಪಕ್ಕದಲ್ಲಿ ಕೂಡಿಸಿಕೊಂಡು, ತಲೆ ಸವರಿ ಕೇಳಿದೆ.

"ನನ್ನ ಬಂಗಾರಾ, ಎಲ್ಲಾ ಬ್ಯಾಡ. ಬಸದಿನೋ, ತವರಮನೀನೋ, ಬೇಕರೀನೋ, ಅಷ್ಟ ಹೇಳಿಬಿಡು. ಯಾರಿಗೂ ಗೊತ್ತಾಗೂದಿಲ್ಲ. ಒಂದ ಸಲ ಮುರದರ ಏನ ಆಕ್ಕೈತಿ?"

ಮಗಳು ಬಾಕರವಡಿ ನುಂಗಿದಳು. ಕಣ್ಣು ಅರೆಮುಚ್ಚಿದಳು. ತೋರುಬೆರಳು ಮೇಲೆತ್ತಿದಳು.

"ನಿಯಮಾ ಅಂದ್ರ ಹುಡುಗಾಟಿಕಿ ಅಲ್ಲಪ್ಪಾ. ಒಮ್ಮೆ ಬಾಯಿಂದ ಹೋತು ಅಂದ್ರ ಹೋತು. ಏನ ಆದ್ರೂ ಮುರೀಬಾರದು."

ಅಡುಗೆಮನೆಯಲ್ಲಿ ಅತ್ತೆ-ಸೊಸೆ ಕೂಡಿಯೇ ನಕ್ಕದ್ದು ಕೇಳಿಸಿತು. ನಾನು ಎದ್ದು ಟಿವಿ ಹಚ್ಚಿದೆ. ಕಥೆ ಮುಗಿಯುತ್ತ ಬಂದಿತ್ತು. ಬೊಂಬೂ ನನ್ನ ಕಡೆಗೊಮ್ಮೆ ತಿರುಗಿ ನೋಡಿ, ಒಳಗೆ ಹೋಗಿ, ನೀಲಿ ಬಾಗಿಲು ಮುಚ್ಚಿಕೊಂಡಿತು.