ಅರವತ್ತರ ಗಂಡು

ಶಿವಶಂಕರನ ಗ್ರಹಚಾರ ಕೆಟ್ಟಿದ್ದು ಹೆಬ್ಬೆರಳ ತುದಿಯಷ್ಟಿದ್ದ ಒಂದು ಹಳದಿ ಪ್ಲಾಸ್ಟಿಕ್ ತುಂಡಿನಿಂದ.

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ತೂಕ ಬರೆಯುವ ಈತ ಮೂರು ವರ್ಷದಿಂದ ಎರಡು ಆಸೆ ಸಾಕಿಕೊಂಡಿದ್ದ. ರಿಮೋಟಿನಲ್ಲಿ ಹಾರುವ ಪುಟ್ಟ ವಿಮಾನ ಒಂದು, ಪಕ್ಕದ ಮನೆ ಕೋದಂಡರಾಮಪ್ಪನವರ ಮಗಳು ಗಂಗಾ ಇನ್ನೊಂದು. ವಿಮಾನವೇನೋ ಮೊನ್ನೆ ಬಂತು. ಗಂಗಾಳಿಗೆ ಹೇಳಬೇಕಾದ ಮಾತು ಮಾತ್ರ ಇನ್ನೂ ಗಂಟಲಲ್ಲೇ ಇತ್ತು. ಅಂಥದ್ದರಲ್ಲಿ ನಿನ್ನೆ ಅವಳೇ ಕಾಂಪೌಂಡಿನ ಆಚೆಯಿಂದ, “ನಾಳೆ ಸಂಜೆ ಹಾರ್ಸ್ತೀರಾ? ನಾನೂ ನೋಡೋಕ್ ಬರ್ತೀನಿ” ಅಂದುಬಿಟ್ಟಳು! ವಿಮಾನ ಕೆಳಗಿಳಿಯುತ್ತಲೇ ಹೇಳಿಬಿಡುವುದೆಂದು ಪುಣ್ಯಾತ್ಮ ನಿರ್ಧರಿಸಿದ.

ಬೆಳಿಗ್ಗೆ ನೋಡಿದರೆ ಬ್ಯಾಟರಿಯ ಕನೆಕ್ಟರು ಹಳದಿ, ವಿಮಾನದ್ದು ಕೆಂಪು. ಒಂದಕ್ಕೊಂದು ಕೂರುವುದಿಲ್ಲ. ವಿಮಾನದ ಕೆಂಪನ್ನು ಕತ್ತರಿಸಿ, ಬ್ಯಾಟರಿಯ ಜೊತೆ ಬಂದಿದ್ದ ಇನ್ನೊಂದು ಹಳದಿಯದನ್ನು ಬೆಸುಗೆ ಹಾಕಲು ಕೂತ. ಕಾವು ಹೆಚ್ಚಾಗಿ ಪ್ಲಾಸ್ಟಿಕ್ ಕರಗಿತು, ಪಿನ್ನುಗಳು ಸೊಟ್ಟಗಾದವು. ಹೋಯಿತಲ್ಲ!

ಇಂಥ ಕನೆಕ್ಟರಿನಲ್ಲಿ ಪಿನ್ನಿರುವುದು ಗಂಡು, ತೂತಿರುವುದು ಹೆಣ್ಣು. ಮೂವತ್ತು, ಅರವತ್ತು ಅಂತ ಅಳತೆ. ಬ್ಯಾಟರಿಯ ಹೆಣ್ಣು ಸರಿಯಾಗಿತ್ತು, ವಿಮಾನದ ಗಂಡು ಕೆಟ್ಟಿತ್ತು. ವಿಮಾನ ಕೊಂಡಿದ್ದ ಕೋಲಾರದ ಅಂಗಡಿಯ ಅನಿಲ್‌ಕುಮಾರನಿಗೆ ಫೋನು ಮಾಡಿದ. ಸಿಗ್ನಲ್ ಸಿಗದೆ ಬೀದಿಗೆ ಬಂದು ಕಿರುಚಬೇಕಾಯಿತು.

“ಹೆಣ್ಣು ರೆಡಿ ಇದೆ ಸಾರ್! ಗಂಡು ಇವತ್ತೇ ಬೇಕು! ಮೂವತ್ತು ಯಾವ ಮೂಲೆಗಾಗುತ್ತೆ? ಅರವತ್ತೇ ಬೇಕು! ಕೋಲಾರದಿಂದ ನೀವೇ ಬರ್ತೀರಾ? ಬನ್ನಿ ಬನ್ನಿ!”

ಅನಿಲ್‌ಕುಮಾರ್ ಹೇಗೂ ಮಾವಿನಹಣ್ಣಿಗೆ ಆ ಕಡೆ ಹೊರಟಿದ್ದ.

ಎದುರು ಮನೆಯಲ್ಲಿ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದ ಭಾರತಮ್ಮ ಕತ್ತಿ ಕೆಳಗಿಟ್ಟರು. ಬೀದಿಯಲ್ಲಿ ಯಾರ ಮನೆಯ ಸಾರಿಗೆ ಉಪ್ಪು ಕಮ್ಮಿಯಾದರೂ ಈಯಮ್ಮನಿಗೆ ಗೊತ್ತಾಗಲೇಬೇಕು.

“ಏಮಪ್ಪಾ ಶಿವೂ, ಗಂಡು ಬರ್ತಾ ಇದ್ಯಾ?”

“ಮೂರು ಗಂಟೆಗ್ ಬರುತ್ತೆ ಭಾರತಕ್ಕ.”

“ಅರವತ್ತಾ?”

“ಅರವತ್ತೇ. ಗಟ್ಟಿ ಮಾಲು.”

“ಒಳ್ಳೇ ಕೆಲ್ಸ ಮಾಡ್ದೆ ಕಣಪ್ಪ!” ಎಂದವರೇ ಸೀದಾ ಕೋದಂಡರಾಮಪ್ಪನವರ ಮನೆಗೆ ಓಡಿದರು. ಇವರಿಗೆ ವಿಮಾನದ ಮೇಲೆ ಯಾವಾಗಿನಿಂದ ಇಷ್ಟು ಅಕ್ಕರೆ ಎಂದು ಶಿವಶಂಕರನಿಗೆ ಆಶ್ಚರ್ಯ.

ಮೂರಾಯಿತು, ನಾಲ್ಕಾಯಿತು. ಅನಿಲ್‌ಕುಮಾರನ ಪತ್ತೆಯಿಲ್ಲ. ಪಕ್ಕದ ಮನೆಯಿಂದ ಕೇಸರಿಬಾತಿನ ಘಮ ಬರುತ್ತಿತ್ತು. ಐದಕ್ಕೆ ಆಸಾಮಿ ಬಾಯೊರೆಸಿಕೊಳ್ಳುತ್ತ ಆ ಮನೆಯಿಂದಲೇ ಬಂದ.

“ಅಡ್ರೆಸ್ ಕೇಳ್ದೆ ಸಾರ್. ಒಬ್ಬಮ್ಮ ‘ಕೋಲಾರದಿಂದಾನಾ?’ ಅಂತ ಕೈ ಹಿಡ್ಕೊಂಡು ಅಲ್ಲಿಗ್ ಕರ್ಕೊಂಡೋದ್ರು. ಎಂಥಾ ಜನ ಸಾರ್ ನಿಮ್ ಬೀದಿಯೋರು!”

“ಅದೆಲ್ಲ ಆಮೇಲೆ. ಮೊದ್ಲು ಗಂಡು ಕೊಡಿ, ಬೆಳಕು ಹೋಗ್ತಿದೆ.”

“ಬ್ಯಾಟರಿ ದೂರ ಇಡಿ. ಇಗೋ, ಬೇರೆ ಹೆಣ್ಣೊಂದನ್ನ ಸಿಕ್ಕಿಸ್ಕೊಂಡು ಕಾಸಿ. ಜೋಡಿ ಇದ್ರೆ ಪಿನ್ನು ಅಲ್ಲಾಡಲ್ಲ.”

ಈ ಸಲ ಬೆಸುಗೆ ಕನ್ನಡಿಯಂತೆ ಹೊಳೆಯಿತು.

ಮಂಡಿಯ ಹಿಂದಿನ ಬಯಲಲ್ಲಿ ವಿಮಾನ ಗುಂಯ್ ಎಂದು ಮೇಲೆದ್ದಿತು. ಅಷ್ಟರಲ್ಲಿ ಗಂಗಾ ಬಂದಳು. ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ. ನನ್ನ ವಿಮಾನ ನೋಡಲು ಇಷ್ಟೊಂದು ಸಿಂಗಾರವೇ ಎಂದು ಶಿವಶಂಕರನ ಎದೆ ಬಡಿದುಕೊಂಡಿತು. ಮೂರು ವರ್ಷ ಕಾದದ್ದೆಲ್ಲ ಸಾರ್ಥಕವಾಯಿತು ಅನಿಸಿತು. ಆಕಾಶದ ಮೇಲೆ ಕಣ್ಣಿಟ್ಟುಕೊಂಡೇ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಒಮ್ಮೆ ಒಪ್ಪಿಸಿಕೊಂಡ.

ಕೋದಂಡರಾಮಪ್ಪನವರು ಬಂದು ಹೆಗಲ ಮೇಲೆ ಕೈಯಿಟ್ಟರು.

“ನಿನ್ ಉಪಕಾರ ಮರೆಯಲ್ಲ ಕಣಪ್ಪ. ನಮ್ ಗಂಗಾಗೆ ನೀನು ಫೋನಲ್ಲಿ ಗಂಡು ಹುಡುಕ್ತಿದ್ದಿದ್ದನ್ನ ಭಾರತಮ್ಮ ಬಂದ್ ಹೇಳಿದ್ರು. ಅರವತ್ತು ಸಾವಿರ ಸಂಬಳ ಅಂದ್ರು, ಅಷ್ಟಿಲ್ವಂತೆ. ಹೋಗ್ಲಿ ಬಿಡು, ಹುಡ್ಗ ಹುಡ್ಗಿ ಇಬ್ರೂ ಒಪ್ಕೊಂಡಿದಾರೆ. ನಮಗೆ ಗಂಡು ಮಕ್ಕಳಿಲ್ಲ. ಮದ್ವೇಲಿ ನೀನೇ ಮುಂದೆ ನಿಂತ್ಕೋಬೇಕು.”

ಶಿವಶಂಕರ ತಿರುಗಿ ನೋಡಿದ. ಗಂಗಾ ಅನಿಲ್‌ಕುಮಾರನ ಪಕ್ಕ ನಿಂತು ನಾಚಿ ನಗುತ್ತಿದ್ದಳು. ಅಷ್ಟು ಚೆಂದದ ನಗುವನ್ನು ಅವನು ಈ ಮೂರು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಕಣ್ಣು ತುಂಬಿ ಬಂದು ಆಕಾಶ ಯಾವುದು, ವಿಮಾನ ಯಾವುದು ಗೊತ್ತಾಗಲಿಲ್ಲ.

“ಅಯ್ಯೋ ಅಣ್ಣಾ, ವಿಮಾನ ಬೀಳ್ತಾ ಇದೆ!” ಎಂದು ಗಂಗಾ ಚೀರಿದಳು.

ಅವಳು ಅವನನ್ನು ಹಾಗೆ ಕರೆದದ್ದು ಅದೇ ಮೊದಲು.