ತೌಡಿಗೆ ಕೊಂಡ ಮಕ್ಕಳು

ನಗಬಾರದೆಂದು ಹಲ್ಲು ಕಚ್ಚಿ ಕೂತ ದಿನವೇ ಕೂಸುಗಳ ದವಾಖಾನೆಯಲ್ಲಿ ನಗುವಂಥದ್ದು ಏನಾದರೂ ಆಗುತ್ತದೆ. ಮಕ್ತಲದಲ್ಲಿ ನಾನು ಕಾಂಪೌಂಡರ್ ಆಗಿದ್ದಾಗಂತೂ ವಾರಕ್ಕೊಮ್ಮೆ ಆಗುತ್ತಿತ್ತು. ಈಗ ಅದು ಮಕ್ಕಳ ಆರೋಗ್ಯ ಸಂಶೋಧನಾ ಸಂಸ್ಥೆ. ನಿಜಾಮರ ಕಾಲದ ಕೊನೆಯಲ್ಲಿ ಅದು ಒಂದು ಕೋಣೆ, ಒಂದು ತಕ್ಕಡಿ, ಒಂದು ದಪ್ಪ ರಿಜಿಸ್ಟರು. ಮದುವೆಯಾಗದ ಒಬ್ಬ ಡಾಕ್ಟ್ರಮ್ಮ, ಮತ್ತೆ ನಾನು.

೧. ತಕ್ಕಡಿ

ಬೇಸಿಗೆಯಲ್ಲಿ ಕೂಸುಗಳು ಯಾಕೆ ಸೊರಗುತ್ತವೆಂದು ತಿಳಿಯಲು ಡಾಕ್ಟ್ರಮ್ಮ ಪ್ರತಿ ಸೋಮವಾರ ಅವುಗಳ ತೂಕ ಬರೆದಿಡಲು ಹೊರಟರು. ತಾಯಂದಿರು ಒಪ್ಪಲಿಲ್ಲ. ತೂಗಿದರೆ ದೃಷ್ಟಿಯಾಗುತ್ತದಂತೆ. ಎರಡು ಕೂಸು ಕಳೆದುಕೊಂಡಿದ್ದ ಉಟ್ಕೂರಿನ ಹೆಣ್ಣುಮಗಳೊಬ್ಬಳು ಮೂರನೆಯದನ್ನು ಎದೆಗವಚಿಕೊಂಡು ಹೇಳಿದಳು:

"ನನ್ನ ಕೈಯಾಗ ಕೂಸು ಉಳಿಯಂಗಿಲ್ರಿ ಅಮ್ಮಾರ. ಇದನ್ನ ನೀವ ತೌಡಿಗೆ ಕೊಳ್ರಿ."

ಕೂಸು ಉಳಿಯದ ಮನೆಗಳಲ್ಲಿ ಅದೊಂದು ಪದ್ಧತಿ. ಒಂದು ಮೊರ ತೌಡು ಕೊಟ್ಟು ಬೇರೊಬ್ಬರು ಕೊಂಡಂತೆ ಮಾಡಿದರೆ ಸಾವಿಗೆ ಗುರುತು ಸಿಗುವುದಿಲ್ಲ. ಆಮೇಲೆ ತಾಯಿಯೇ ಸಾಕುತ್ತಾಳೆ. ಡಾಕ್ಟ್ರಮ್ಮ ಬೈಯುತ್ತಾರೆಂದು ಕಾದೆ. ಅವರು ಕಣ್ಣೊರೆಸಿಕೊಂಡು ನನ್ನನ್ನು ತೌಡು ತರಲು ಓಡಿಸಿದರು. ತೌಡು ಉಡಿಗೆ ಬಿದ್ದೊಡನೆ ಆಕೆ ಕೂಸನ್ನು ತಾನೇ ತಕ್ಕಡಿಯಲ್ಲಿಟ್ಟಳು.

"ಇನ್ನ ಇದು ನಿಮ್ಮ ಮಾಲು. ಬೇಕಾದಂಗ ತೂಗ್ಕೊಳ್ರಿ!"

೨. ದೂರು

ಸುದ್ದಿ ಹಬ್ಬಿ, ದಾಮರಗಿದ್ದದಿಂದಲೂ ತಾಯಂದಿರು ಬಂದು ಕೂಸು ಮಾರಿದರು. ರಿಜಿಸ್ಟರು ತುಂಬಿತು. ಜೊತೆಗೆ ದೂರುಗಳೂ ಶುರುವಾದವು.

"ಅಮ್ಮಾರ, ಹಾಲು ಕುಡಿಯಾಕ ಹಚ್ಚಿದ್ರ ನಿಮ್ಮ ಮಗ ಕಚ್ತಾನ್ರಿ. ಒಂದೀಟು ಬುದ್ಧಿ ಹೇಳ್ರಿ."

ಡಾಕ್ಟ್ರಮ್ಮ ಆ ಎಂಟು ತಿಂಗಳ ಮಗನಿಗೆ ಗಂಭೀರವಾಗಿ ಬುದ್ಧಿ ಹೇಳಿದರು. ಅವನು ಅವರ ಬೆರಳನ್ನೂ ಕಚ್ಚಿದ.

೩. ಸಾಹೇಬರು

ಪೊಲೀಸ್ ಆ್ಯಕ್ಷನ್‌ನಲ್ಲಿ ನಿಜಾಮರ ಆಳ್ವಿಕೆ ಮುಗಿದು ಹೊಸ ಸರ್ಕಾರ ಬಂತು. ದವಾಖಾನೆ ಇಡಬೇಕೋ ಮುಚ್ಚಬೇಕೋ ಎಂದು ನೋಡಲು ರಾಯಚೂರು ಕಡೆಯ ಸಾಹೇಬರೊಬ್ಬರು ಬಂದರು. ಮುಚ್ಚಿಸುವ ಮುಖ ಹೊತ್ತೇ ಬಂದಿದ್ದರು. ಸಾಲಿನ ಮೊದಲನೆಯವಳನ್ನು ಕೇಳಿದರು:

"ಯಾರ ಕೂಸವ್ವಾ ಇದು?"

"ಡಾಕ್ಟ್ರಮ್ಮಂದ್ರಿ."

"ನಿನ್ನ ಕೈಯಾಗಿಂದು?" ಎಂದು ಎರಡನೆಯವಳನ್ನು ಕೇಳಿದರು.

"ಅದೂ ಡಾಕ್ಟ್ರಮ್ಮಂದ ರೀ."

ಏಳನೆಯವಳ ಹೊತ್ತಿಗೆ ಸಾಹೇಬರು ಬೆವರೊರೆಸಿಕೊಂಡು ನನ್ನ ಕಿವಿಯಲ್ಲಿ ಕೇಳಿದರು, "ಅವರಿಗೆ ಮದುವಿ ಆಗಿಲ್ಲ ಅಂದ್ರಲ್ಲ?"

ನಾನು ತೌಡಿನ ಕಥೆ ಹೇಳಿದೆ. ಉಟ್ಕೂರಿನವಳು ಪುಟುಪುಟು ನಡೆಯುತ್ತಿದ್ದ ಮಗಳನ್ನು ಮುಂದೆ ತಂದು ನಿಲ್ಲಿಸಿದಳು.

"ಇದೊಂದು ಉಳೀತ್ರಿ ಸಾಹೇಬ್ರ. ದವಾಖಾನಿ ಮುಚ್ಚಿದ್ರ ಇವರ ಮಕ್ಕಳ್ನ ಎಲ್ಲಿಗೆ ಒಯ್ಯೂಣು?"

ಸಾಹೇಬರು ರಿಜಿಸ್ಟರು ತಿರುವಿ, ವಾರ ವಾರ ಏರಿದ ತೂಕಗಳನ್ನು ಬೆರಳಿಟ್ಟು ಓದಿದರು. ರಿಜಿಸ್ಟರು ಮುಚ್ಚಿಟ್ಟು ಜೀಪು ಹತ್ತಿದರು.

ಮುಂದಿನ ಸೋಮವಾರ ಅದೇ ಜೀಪು ಬಂತು. ಮುಚ್ಚುವ ಹುಕುಂ ಎಂದುಕೊಂಡೆ. ಇಳಿದದ್ದು ಸಾಹೇಬರ ಹೆಂಡತಿ, ತೋಳಲ್ಲಿ ಬಡಕಲು ಕೂಸು. ಹಿಂದೆಯೇ ಸಾಹೇಬರು, ಟೋಪಿ ಕೈಯಲ್ಲಿ ಹಿಡಿದು, ಡಾಕ್ಟ್ರಮ್ಮನ ಹತ್ತಿರ ಮೆಲ್ಲಗೆ ಹೇಳಿದರು:

"ದವಾಖಾನಿ ಇರ್ತೈತ್ರಿ ಅಮ್ಮಾರ. ಅಂದಂಗ... ತೌಡು ಇನ್ನೂ ಉಳದೈತೇನ್ರಿ?"