ಮೂರೂವರೆಯ ರಾಹು, ಆರಂಕಿಯ ಅಸ್ತ್ರ

ಶ್ವೇತವರಾಹ ಕಲ್ಪದ ವೈವಸ್ವತ ಮನ್ವಂತರದ ಕಲಿಯುಗದ ಪ್ರಥಮ ಪಾದದಲ್ಲಿ, ಮನುಷ್ಯರು ದೇವರ ನಾಮಕ್ಕಿಂತ ಹೆಚ್ಚಾಗಿ ಪಾಸ್‌ವರ್ಡುಗಳನ್ನು ಜಪಿಸತೊಡಗಿದ ಪುಣ್ಯಕಾಲದಲ್ಲಿ, ಭರತಖಂಡಾಂತರ್ಗತವಾದ ತುಮಕೂರು ಪಟ್ಟಣದ ಮೂರನೆಯ ಅಡ್ಡರಸ್ತೆಯ ಕೊನೆಯ ಮನೆಯಲ್ಲಿ, ಜ್ಯೇಷ್ಠ ಮಾಸದ ಒಂದು ಮಂಗಳವಾರ ಅಪರಾಹ್ಣ, ಹಿಂದೆ ಆಗಿರದ, ಮುಂದೆ ಆಗಬೇಕಾದ ಅಗತ್ಯವೂ ಇರದ ಒಂದು ಮಹಾಸಮರ ನಡೆಯಿತು. ತಾಯಿ ವಾಗ್ದೇವಿ, ಅದನ್ನು ಹೇಳಲು ನನ್ನ ನಾಲಗೆಗೆ ಉದ್ದವನ್ನು ಕೊಡು. ಸಣ್ಣ ಸಂಗತಿಯನ್ನು ಸಣ್ಣದಾಗಿ ಹೇಳಿದರೆ ಈ ಕಥೆಯ ಜನ ಮುನಿಸಿಕೊಂಡಾರು. ತಾವು ಸಣ್ಣವರೆಂದು ಅವರು ಒಂದು ಗಳಿಗೆಯೂ ಎಣಿಸಿದವರಲ್ಲ.

ಮೊದಲು ನಾಯಕಿಯನ್ನು ವರ್ಣಿಸುತ್ತೇನೆ. ಹೆಸರು ಮೇದಿನಿ. ಸಿವಿಲ್ ಇಂಜಿನಿಯರಿಂಗ್ ಪದವಿಯನ್ನು ನಾಲ್ಕು ವರ್ಷಗಳ ಘೋರ ಹೋರಾಟದಲ್ಲಿ ಗೆದ್ದವಳು, ಸಕಲಜಲಸಂಕಟನಿವಾರಣಬದ್ಧಕಂಕಣೆ. ಈ ಬಿರುದು ನಾನು ಕೊಟ್ಟದ್ದಲ್ಲ. ಜರ್ಮನಿಯ ಒಂದು ವಿಶ್ವವಿದ್ಯಾಲಯಕ್ಕೆ, ಜಲಸಂಪನ್ಮೂಲದ ಉನ್ನತ ವ್ಯಾಸಂಗಕ್ಕಾಗಿ ಹಾಕಿದ ಅರ್ಜಿಯಲ್ಲಿ, ಎಂಟುನೂರು ಪದಗಳ ಆತ್ಮನಿವೇದನೆಯಲ್ಲಿ, ಅವಳೇ ತನಗೆ ಕೊಟ್ಟುಕೊಂಡದ್ದು. ತೃಷಾರ್ತವಾದ ಮನುಕುಲಕ್ಕೆ ಹನಿ ಹನಿಯ ಬೆಲೆಯನ್ನು ಕಲಿಸುವುದೇ ತನ್ನ ಬಾಳಿನ ಗುರಿ ಎಂದು ಅದರಲ್ಲಿ ಬರೆದಿತ್ತು. ಮನೆಯ ಸಂಪಿನ ಮೋಟರನ್ನು ಹಾಕಿ ಆರಿಸಲು ಮರೆಯುವುದರಲ್ಲಿ ಅವಳನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲವೆಂಬುದು ಬರೆದಿರಲಿಲ್ಲ.

ಅರ್ಜಿ ಹೋಗಿ ಏಳು ವಾರಗಳಾಗಿದ್ದವು. ಪೂರ್ವದ ತಪಸ್ವಿಗಳು ಒಂಟಿ ಕಾಲಲ್ಲಿ ನಿಂತರು. ಇವಳು ಒಂಟಿ ಹೆಬ್ಬೆರಳಲ್ಲಿ ನಿಂತಳು. ದಿನಕ್ಕೆ ನೂರು ಬಾರಿ ಆ ವಿಶ್ವವಿದ್ಯಾಲಯದ ಪುಟವನ್ನು ಕೆಳಗೆಳೆದು ಬಿಡುವಳು. ಪುಟ ಒಮ್ಮೆ ತಿರುಗಿ "ಪರಿಶೀಲನೆಯಲ್ಲಿದೆ" ಎನ್ನುವುದು. ಕಸದ ಮಿಂಚಂಚೆಗಳ ರಾಶಿಯನ್ನು ಮುಂಜಾನೆ ಸಂಜೆ ಕೆದಕುವಳು. ತನ್ನಂತೆಯೇ ಕಾಯುತ್ತಿದ್ದ ನೈಜೀರಿಯದ, ನೇಪಾಳದ, ಈಜಿಪ್ಟಿನ ಅಪರಿಚಿತರ ಗುಂಪೊಂದರಲ್ಲಿ "ಯಾರಿಗಾದರೂ ಬಂತೇ?" ಎಂದು ಕೇಳುವಳು. ಯಾರಿಗೂ ಬಂದಿಲ್ಲವೆಂದು ತಿಳಿದಾಗ ಅವಳಿಗಾಗುತ್ತಿದ್ದ ಆನಂದವನ್ನು ಸಜ್ಜನರು ವರ್ಣಿಸಬಾರದು.

ಎದುರು ಪಾಳೆಯದ ಅಧಿಪತಿ ಅವಳ ತಂದೆ ಚಂದ್ರಮೌಳಿ. ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು, ತುಲಾದಂಡಭೀಕರ, ತರಕಾರಿವರ್ತಕಗರ್ವಭಂಜನ. ಇಡೀ ಜಿಲ್ಲೆಯ ತಕ್ಕಡಿಗಳು ಅವರನ್ನು ಕಂಡರೆ ತಾವಾಗಿ ನೇರ ನಿಲ್ಲುವವೆಂದು ಪ್ರತೀತಿ. ಪ್ರತೀತಿಯನ್ನು ಹುಟ್ಟಿಸಿದವರೂ ಅವರೇ. ಅರ್ಜಿ ಹಾಕುವ ದಿನವೇ ಅವರು ಊಟದ ಮೇಜಿನ ಮೇಲೆ ಕೈಯಿಟ್ಟು ಒಂದು ಶಪಥ ಮಾಡಿದ್ದರು. "ನೋಡು ಪುಟ್ಟಿ, ಸೀಟು ಒಂದೇ ಸಿಕ್ಕಿದ್ರೆ ಸಾಲ್ದು. ಕಾಲೇಜು ಕಾಂಪೌಂಡ್ ಒಳಗೇನೇ ಹಾಸ್ಟೆಲ್ ರೂಮು ಸಿಗ್ಬೇಕು. ಯಾರದೋ ಮನೇಲಿ ಬಾಡಿಗೆಗಿರೋದೆಲ್ಲ ಆಗಲ್ಲ. ರೂಮಿಲ್ದಿದ್ರೆ ಪ್ರಯಾಣ ಇಲ್ಲ."

ಆ ಹಾಸ್ಟೆಲಿನಲ್ಲಿ ಹೊರದೇಶದವರಿಗೆಂದು ಇದ್ದದ್ದು ನಲವತ್ತೇ ಕೋಣೆ. ಮಂಗಳವಾರ ಬೆಳಗಿನಿಂದ ಪುಟ ಮುಚ್ಚಿರುವುದು, ತಮ್ಮ ಗಡಿಯಾರದ ಹನ್ನೆರಡಕ್ಕೆ ಸರಿಯಾಗಿ ಫಲಿತಾಂಶ ತೆರೆಯುವುದು, ಆಯ್ಕೆಯಾದವರಲ್ಲಿ ಯಾರು ಮೊದಲು ಒಪ್ಪಿಗೆಯ ಗುಂಡಿ ಒತ್ತುವರೋ ಅವರಿಗೆ ಮೊದಲು ಕೋಣೆ ಎಂದು ಹಿಂದಿನ ವಾರ ಪತ್ರ ಬಂದಿತ್ತು. ಅಲ್ಲಿನ ಹನ್ನೆರಡೆಂದರೆ ತುಮಕೂರಿನಲ್ಲಿ ಮೂರೂವರೆ.

ಮಂಗಳವಾರದ ಮೂರೂವರೆ! ಅಡಿಗೆಮನೆಯ ಗೋಡೆ ಕ್ಯಾಲೆಂಡರಿನ ಕೆಳಮೂಲೆಯ ಚೌಕದಲ್ಲಿ ಕೆಂಪಕ್ಷರದಲ್ಲಿ ಅಚ್ಚಾಗಿತ್ತು: ರಾಹುಕಾಲ, ಮೂರರಿಂದ ನಾಲ್ಕೂವರೆ.

ಇದನ್ನು ಮೊದಲು ಕಂಡವರು ಮೇದಿನಿಯ ಅಜ್ಜಿ ಗಂಗಲಕ್ಷ್ಮಮ್ಮ. ಎಪ್ಪತ್ತೊಂಬತ್ತರ ಪ್ರಾಯ, ಪಂಚಾಂಗಕವಚಧಾರಿಣಿ. ರಾಹುಕಾಲದಲ್ಲಿ ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನೂ ಕತ್ತರಿಸಗೊಡದ ಧೀರೆ. "ನಾಕೂ ಮೂವತ್ತೊಂದಕ್ಕೆ ತೆಗೀಲಿ. ಆ ಕಾಗ್ದ ಓಡೋಗುತ್ತಾ?" ಎಂದರು. ಮಗ ತಲೆಯಾಡಿಸಿದ. ಜಿಲ್ಲೆಯ ತಕ್ಕಡಿಗಳನ್ನು ಅಲುಗದೆ ನಿಲ್ಲಿಸುವ ಆ ಮಹಾಪುರುಷ ತಾಯಿಯ ಮುಂದೆ ಯಾವಾಗಲೂ ಒಂದೇ ಕಡೆ ವಾಲುತ್ತಿದ್ದ.

ಹಾಗಾದರೆ ನಾಯಕಿ ಸುಮ್ಮನೆ ಕೋಣೆಯ ಬಾಗಿಲು ಹಾಕಿಕೊಂಡು ತೆರೆಯಬಾರದಿತ್ತೇ ಎಂದು ಕೇಳುವಿರಿ. ಇಲ್ಲಿದೆ ಈ ವಂಶದ ಮೂಲಶಾಪ. ಎಲ್‌ಕೆಜಿಯ ದಾಖಲಾತಿಯಿಂದ ಮೊದಲ್ಗೊಂಡು ಮೇದಿನಿ ತುಂಬಿದ ಪ್ರತಿಯೊಂದು ಅರ್ಜಿಯಲ್ಲಿ, ಮೊಬೈಲ್ ಸಂಖ್ಯೆ ಎಂದಿದ್ದಲ್ಲಿ, ಅಪ್ಪನ ಸಂಖ್ಯೆಯನ್ನೇ ಬರೆಯುವುದು ವಾಡಿಕೆ. ಖಂಡಾಂತರದ ಈ ಅರ್ಜಿಯಲ್ಲಿಯೂ ಸಕಲಜಲಸಂಕಟನಿವಾರಣಬದ್ಧಕಂಕಣೆಯ ಕೈ ಯೋಚಿಸದೆ ಅದನ್ನೇ ಬರೆದಿತ್ತು. ಆದ್ದರಿಂದ ಮುಚ್ಚಿದ ಪುಟದ ಬಾಗಿಲನ್ನು ಮತ್ತೆ ತೆರೆಯುವ ಆರಂಕಿಯ ಒಟಿಪಿ ಬರುವುದು ಚಂದ್ರಮೌಳಿಯವರ ಮೊಬೈಲಿಗೆ. ಅದಕ್ಕೆ ಮೂರು ನಿಮಿಷದ ಆಯುಸ್ಸು. ಆ ಮೊಬೈಲೋ, ಎರಡೂ ಐವತ್ತೈದಕ್ಕೆ ದೇವರ ಕೋಣೆ ಸೇರಿ, ಗಂಗಲಕ್ಷ್ಮಮ್ಮನವರ ಸೆರಗಿನ ಗಂಟಿನಲ್ಲಿ ಬಂಧಿತವಾಗಿತ್ತು.

ಮೂರೂವರೆ ಹೊಡೆಯಿತು. ಹಾಲಿನ ನಡುವೆ ಲ್ಯಾಪ್‌ಟಾಪನ್ನು ಧನುಸ್ಸಿನಂತೆ ತೊಡೆಯ ಮೇಲಿಟ್ಟು ಕುಳಿತ ಮೇದಿನಿ ಪಾಸ್‌ವರ್ಡನ್ನು ಹೂಡಿ ಮೊದಲ ಬಾಣ ಬಿಟ್ಟಳು. ದೇವರ ಕೋಣೆಯಲ್ಲಿ "ಟಿಂಗ್" ಎಂದಿತು.

"ಅಜ್ಜಿ, ನಂಬರ್ ಓದಿ ಹೇಳಿ!"

"ಕನ್ನಡಕ ಇಲ್ಲ ಮಗಾ."

"ಮೂಗಿನ ಮೇಲೇ ಇದೆ!"

"ಅದು ದೂರದ್ದು."

ನಾಯಕಿ ಎದ್ದು ನಿಂತಳು. ಸೂರ್ಯನಿಗೆ ಎದುರಾಗಿ, ಅಂದರೆ ಕಿಟಕಿಯ ಕಡೆ ತಿರುಗಿ, ಘರ್ಜಿಸಿದಳು. "ಅಪ್ಪಾ, ನಿಮ್ಮ ತಕ್ಕಡಿಗಳು ಸಾಕ್ಷಿಯಾಗಿ ಹೇಳ್ತೀನಿ. ಏಳು ವಾರ ನಿದ್ದೆ ಇಲ್ಲದೆ ಕಾದವಳು ನಾನು! ನೈಜೀರಿಯದವರು ಒತ್ತುತಾ ಇದಾರೆ, ನೇಪಾಳದವರು ಒತ್ತುತಾ ಇದಾರೆ, ನಿಮಿಷಕ್ಕೊಂದು ಕೋಣೆ ಹೋಗ್ತಾ ಇದೆ! ರೂಮು ಬೇಕು ಅಂದವರೂ ನೀವೇ, ಬಾಗಿಲು ಹಾಕಿದವರೂ ನೀವೇ!"

ಈ ಸಮರಕ್ಕೆಂದೇ ರಜೆ ಹಾಕಿದ್ದ ಚಂದ್ರಮೌಳಿಯವರು ಕ್ಯಾಲೆಂಡರಿನ ಮುಂದೆ ಎದೆಯುಬ್ಬಿಸಿ ನಿಂತು ಉತ್ತರಿಸಿದರು. "ಮೂವತ್ತೊಂದು ವರ್ಷ ಸರ್ವಿಸ್ ಮಾಡಿದೀನಿ. ಒಂದು ದಿನ, ಒಂದೇ ಒಂದು ದಿನ, ರಾಹುಕಾಲದಲ್ಲಿ ಸೀಲ್ ಒತ್ತಿಲ್ಲ. ಒತ್ತಿದ್ರೆ ಆ ತಕ್ಕಡಿ ಯಾಮಾರಿಸುತ್ತೆ. ತಕ್ಕಡಿಗೇ ಹಂಗೆ, ಇನ್ನು ನಿನ್ನ ಜೀವನ! ನಿನ್ನ ಒಳ್ಳೇದಕ್ಕೇ ಕಣಮ್ಮ."

ಎರಡನೆಯ ಬಾಣ. ಟಿಂಗ್. ಮೂರನೆಯ ಬಾಣ. ಟಿಂಗ್. ಆರಂಕಿಗಳು ಅಜ್ಜಿಯ ಸೆರಗಿನಲ್ಲಿ ಹುಟ್ಟಿ, ಮೂರು ನಿಮಿಷ ಬಾಳಿ, ಯಾರ ಕಣ್ಣಿಗೂ ಬೀಳದೆ ವೀರಸ್ವರ್ಗ ಸೇರಿದವು.

ಬಲದಿಂದ ಗೆಲ್ಲಲಾಗದ್ದನ್ನು ಶಾಸ್ತ್ರದಿಂದ ಗೆಲ್ಲುವೆನೆಂದು ಮೇದಿನಿ ತಂತ್ರ ಬದಲಿಸಿದಳು. "ಅಜ್ಜಿ, ರಾಹುಕಾಲ ಇರೋದು ತುಮಕೂರಿಗೆ. ಪತ್ರ ಇರೋದು ಜರ್ಮನೀಲಿ. ಅಲ್ಲೀಗ ಹನ್ನೆರಡು ಗಂಟೆ. ಅಲ್ಲಿಗೂ ಇಲ್ಲಿಯ ರಾಹುಗೂ ಏನ್ ಸಂಬಂಧ?"

ಗಂಗಲಕ್ಷ್ಮಮ್ಮನವರ ಅರ್ಧ ಶತಮಾನದ ಆಚರಣೆಯಲ್ಲಿ ಇಂಥ ಪ್ರಶ್ನೆ ಬಂದಿರಲಿಲ್ಲ. ಕೂಡಲೇ ಅಶ್ವತ್ಥ ಜೋಯಿಸರಿಗೆ ಫೋನು ಹೋಯಿತು. ಮೊಬೈಲು ಸೆರಗಿನಿಂದ ಹೊರಬಂತು, ಆದರೆ ಅಜ್ಜಿಯ ಮುಷ್ಟಿಯಲ್ಲಿಯೇ.

ಮನೆಯವರೆಲ್ಲ ಕಿವಿಯಾದರು. ಜೋಯಿಸರು ಬಹಳ ಹೊತ್ತು ಗಂಟಲು ಸರಿಪಡಿಸಿಕೊಂಡರು.

"ಹುಡುಗಿ ಕೇಳ್ತಿರೋದು ನ್ಯಾಯವಾಗಿಯೇ ಇದೆ. ಆದ್ರೆ ತಾಯಿ, ಫಲ ಕೊಡೋನಿಗೆ ಅಲ್ಲೀ ರಾಹು, ಫಲ ತಗೊಳ್ಳೋನಿಗೆ ಇಲ್ಲೀ ರಾಹು. ಎರಡೂ ಬಿಡಬೇಕು."

"ಅಲ್ಲೀದು ಎಷ್ಟೊತ್ತಿಗೆ ಸ್ವಾಮಿ?" ಎಂದರು ಅಜ್ಜಿ.

"ಅಲ್ಲಿ ಸೂರ್ಯ ಎಷ್ಟೊತ್ತಿಗೆ ಹುಟ್ತಾನೆ ಅಂತ ಯಾರನ್ನಾದ್ರೂ ಕೇಳಿ ಹೇಳಿ, ಲೆಕ್ಕ ಹಾಕ್ತೀನಿ."

ಹೀಗೆ, ಒಂದು ರಾಹುವನ್ನು ಕೊಲ್ಲಲು ಹೋದ ಇಂಜಿನಿಯರು ಎರಡನೆಯದನ್ನು ಹುಟ್ಟಿಸಿ ಬಂದಳು. ಅಲ್ಲಿ ಬೇಸಿಗೆ, ಸೂರ್ಯ ಬೇಗ ಹುಟ್ಟಿ ತಡವಾಗಿ ಮುಳುಗುತ್ತಾನೆ, ಅಲ್ಲಿಯ ರಾಹು ಬರುವ ಹೊತ್ತಿಗೆ ನಮಗೆ ರಾತ್ರಿ ಎಂದು ಅವಳು ಕೂಗಿ ಕೂಗಿ ಸಾಧಿಸುವಷ್ಟರಲ್ಲಿ ನಾಲ್ಕು ಗಂಟೆ. ಸಂಧಾನವೇನೋ ಆಯಿತು. ಎರಡು ರಾಹುಗಳ ನಡುವೆ ಒಂದು ಕಿಂಡಿಯಿದೆ, ಅದು ನಾಲ್ಕೂ ಮೂವತ್ತೊಂದಕ್ಕೆ ತೆರೆಯುತ್ತದೆ! ಅರ್ಧ ಗಂಟೆಯ ಹಿಂದೆ ಎಲ್ಲಿದ್ದರೋ ಎಲ್ಲರೂ ಅಲ್ಲಿಗೇ ಬಂದು ನಿಂತಿದ್ದರು.

ಕ್ರೋಧಾಂಧಳಾದ ನಾಯಕಿ ನಾಲ್ಕನೆಯ ಬಾಣ ಬಿಟ್ಟಳು. ಟಿಂಗ್. ಐದನೆಯದನ್ನು ಬಿಟ್ಟು ದೇವರ ಕೋಣೆಗೇ ನುಗ್ಗಿದಳು. ಟಿಂಗ್! ತಂದೆ ಹೊಸ್ತಿಲಿಗೆ ಅಡ್ಡ ನಿಂತರು. ಅಜ್ಜಿ ಮೊಬೈಲನ್ನು ಅಕ್ಷತೆಯ ಬಟ್ಟಲಿನಲ್ಲಿ ಹೂತರು. ಮೂರು ತಲೆಮಾರುಗಳ ಶೌರ್ಯ ಒಂದು ಬಾಗಿಲಿನ ಅಗಲದಲ್ಲಿ ಒತ್ತೊತ್ತಿ ನಿಂತು ಉಸಿರು ಬಿಡುತ್ತಿದ್ದಾಗ, ಆಕಾಶದಿಂದ ಭೋರ್ಗರೆಯುತ್ತ ಜಲಪ್ರಪಾತವೊಂದು ಕಿಟಕಿಯ ಹೊರಗೆ ಧುಮುಕಿತು.

ಈ ತನಕ ಅಡಿಗೆಮನೆಯಲ್ಲಿ ತಟಸ್ಥರಾಜ್ಯವಾಗಿ ಉಳಿದಿದ್ದ ತಾಯಿ ಶೈಲಜಾ ಅಲ್ಲಿಂದಲೇ ಕೂಗಿದರು. "ಮೇದೂ! ಮೂರು ಗಂಟೇಲಿ ಮೋಟರ್ ಹಾಕು ಅಂದಿದ್ದೆ, ಆರಿಸ್ದೇನೇ? ಟ್ಯಾಂಕ್ ತುಂಬಿ ಮೇಲಿನಿಂದ ಸುರೀತಾ ಇದೆ!"

ತೃಷಾರ್ತ ಮನುಕುಲದ ಆಶಾಕಿರಣವು ಸ್ವಿಚ್ಚಿನ ಕಡೆ ಓಡಿತು. ಕಾಂಪೌಂಡಿನಲ್ಲಿ ಒಣಗಲು ಹಾಕಿದ್ದ ಹಪ್ಪಳ ಮೊಣಕಾಲುದ್ದ ನೀರಿನಲ್ಲಿ ತೇಲುತ್ತಿತ್ತು. ಅದನ್ನು ಎತ್ತಿ ಮುಗಿಸುವಷ್ಟರಲ್ಲಿ ರಾಹು ತಾನಾಗಿ ಹೊರಟು ಹೋದ.

ನಾಲ್ಕೂ ಮೂವತ್ತೊಂದು. ಅಜ್ಜಿ ಅಕ್ಷತೆ ಕೊಡವಿ, ಮೊಬೈಲಿನ ಹಣೆಗೆ ಕುಂಕುಮವಿಟ್ಟು ಹೊರತಂದರು. ತಂದೆ ಅದನ್ನು ಎರಡೂ ಕೈಯಲ್ಲಿ ಹಿಡಿದರು. ಮೇದಿನಿ ಒದ್ದೆ ಬೆರಳಿನಿಂದ ಆರನೆಯ ಬಾಣ ಬಿಟ್ಟಳು. ಎಲ್ಲರೂ ಟಿಂಗ್ ಎನ್ನುವುದನ್ನು ಕಾದರು. ಎನ್ನಲಿಲ್ಲ. ಪರದೆಯ ಮೇಲೆ ಒಂದು ಸಾಲು ಮೂಡಿತು: ಐದು ಬಾರಿ ಒಟಿಪಿ ಕೇಳಿ ಬಳಸಿಲ್ಲ; ಸುರಕ್ಷತೆಯ ಕಾರಣ ನಿಮ್ಮ ಖಾತೆಯನ್ನು ಇಪ್ಪತ್ತನಾಲ್ಕು ಗಂಟೆ ಮುಚ್ಚಲಾಗಿದೆ.

ಮೊದಲು ಮಾತಾಡಿದವರು ಗಂಗಲಕ್ಷ್ಮಮ್ಮ. "ನೋಡಿದ್ಯಾ? ರಾಹುಕಾಲದಲ್ಲಿ ಮುಟ್ಬೇಡ ಮುಟ್ಬೇಡ ಅಂತ ಬಡ್ಕೊಂಡೆ."

ಮೇದಿನಿ ಲ್ಯಾಪ್‌ಟಾಪು ಮುಚ್ಚಿದಳು. ಬೇರೆಯವರ ಸಂಭ್ರಮ ನೋಡಲಾರದೆ ಆ ಅಪರಿಚಿತರ ಗುಂಪನ್ನೂ ತೆರೆಯದೆ, ನಲವತ್ತು ಕೋಣೆಗಳ ದೀಪ ಒಂದೊಂದಾಗಿ ಆರುವುದನ್ನು ಆ ರಾತ್ರಿಯೆಲ್ಲ ಮನಸ್ಸಿನಲ್ಲೇ ಎಣಿಸಿದಳು. ಚಂದ್ರಮೌಳಿಯವರೂ ಊಟ ಅರ್ಧಕ್ಕೇ ಬಿಟ್ಟೆದ್ದರು. ಶಪಥ ಅವರದೇ, ತಡವೂ ಅವರದೇ, ಎರಡನ್ನೂ ತಕ್ಕಡಿಯ ಒಂದೇ ತಟ್ಟೆಯಲ್ಲಿಡಬೇಕಾಗಿತ್ತು.

ಬುಧವಾರ ನಾಲ್ಕೂ ಮುಕ್ಕಾಲಿಗೆ ಖಾತೆ ತೆರೆಯಿತು. ಅಂದಿನ ರಾಹು ಮಧ್ಯಾಹ್ನವೇ ಬಂದು ಹೋಗಿದ್ದ, ಯಾರೂ ಅಡ್ಡಬರಲಿಲ್ಲ. ಪುಟ ಒಮ್ಮೆ ತಿರುಗಿ ಹೇಳಿತು: ಪರಿಶೀಲನೆಯಲ್ಲಿದೆ. ಅದರ ಕೆಳಗೆ, ಮಂಗಳವಾರ ಮುಂಜಾನೆಯೇ ಹಾಕಿದ್ದ ಸೂಚನೆ: ಅರ್ಜಿಗಳು ಹೆಚ್ಚಿರುವುದರಿಂದ ಫಲಿತಾಂಶವನ್ನು ಒಂದು ವಾರ ಮುಂದೂಡಲಾಗಿದೆ. ಬರುವ ಮಂಗಳವಾರ, ಮಧ್ಯಾಹ್ನ ಹನ್ನೆರಡಕ್ಕೆ.

ಯಾರೂ ಕೋಣೆ ಕಳೆದುಕೊಂಡಿರಲಿಲ್ಲ. ಯಾರೂ ಏನನ್ನೂ ಗೆದ್ದಿರಲಿಲ್ಲ. ನಿನ್ನೆಯ ಮಹಾಸಮರ ನಡೆದದ್ದು ಒಂದು ಮುಚ್ಚಿದ ಅಂಗಡಿಯ ಮುಂದೆ. ಕಳೆದದ್ದು ಹಪ್ಪಳ ಮಾತ್ರ.

"ಮುಂದಿನ ಮಂಗಳವಾರ," ಎಂದು ಅಜ್ಜಿ ಕ್ಯಾಲೆಂಡರಿನ ಕಡೆ ಕತ್ತೆತ್ತಿದರು.

ಮೇದಿನಿ ಮೊಬೈಲ್ ಸಂಖ್ಯೆ ಬದಲಿಸುವ ಜಾಗ ಹುಡುಕಿ ತನ್ನದನ್ನು ಬರೆದಳು. ಬದಲಿಸಲು ಹಳೆಯ ಸಂಖ್ಯೆಗೆ ಕೊನೆಯದೊಂದು ಒಟಿಪಿ ಹೋಗಬೇಕಿತ್ತು. ಟಿಂಗ್. ಚಂದ್ರಮೌಳಿಯವರು ಮೊಬೈಲನ್ನು ನೋಡಿದರು, ಮಗಳನ್ನು ನೋಡಿದರು, ತಾಯಿಯನ್ನು ನೋಡಿದರು.

"ಓದಿ ಹೇಳ್ರೀ. ಮೂರು ನಿಮಿಷ ಅಷ್ಟೇ ಇರೋದು," ಎಂದರು ಶೈಲಜಾ, ಒದ್ದೆ ಹಪ್ಪಳದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು.

"ನಾಲ್ಕು," ಎಂದರು ತುಲಾದಂಡಭೀಕರರು. "ಸೊನ್ನೆ. ಏಳು. ಏಳು." ತಕ್ಕಡಿಯ ತಳದ ಮುದ್ರೆಸಂಖ್ಯೆಯನ್ನು ಗುಮಾಸ್ತನಿಗೆ ಓದಿ ಹೇಳುವ ಹಾಗೆ, ಒಂದೊಂದಾಗಿ. "ಎರಡು." ಅಲ್ಲಿ ಕೊಂಚ ನಿಂತರು. "ಒಂಬತ್ತು."

ಈ ಸಲ ಟಿಂಗ್ ಎಂದದ್ದು ಮೇದಿನಿಯ ಕೈಯಲ್ಲಿ.

"ಸೀಟಂತಾ?" ಎಂದರು ಅಜ್ಜಿ.

"ಅಲ್ಲ ಅಜ್ಜಿ. ನಂಬರ್ ಬದಲಾಯ್ತು, ಅಷ್ಟೆ."

ಚಂದ್ರಮೌಳಿಯವರು ಮೊಬೈಲಿನ ಮೇಲೆ ಉಳಿದಿದ್ದ ಕುಂಕುಮವನ್ನು ಬೆರಳಿನಿಂದ ಒರೆಸಿ, ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಕತ್ತಲಾಗುವ ತನಕ ಎರಡು ಸಲ ಹೊರತೆಗೆದು ನೋಡಿದರು. ಯಾರೂ ಏನೂ ಕಳಿಸಿರಲಿಲ್ಲ.